ಬೆಣೆಯವ್ವನ ಮೂರು ಬೆಣೆಗಳು

ಬೆಣೆಯವ್ವನ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿಕೊಂಡು ಎರಡು ಹೋಳಾಗಿ ಬೆಳೆದಿತ್ತು. ಬೆಣೆ ಹಿಡಿದ ಕೈಯ ಮೇಲೆ ಯಾವತ್ತೋ ಮರದ ಕೊಡತಿಯ ಪೆಟ್ಟು ಬಿದ್ದು ಹಾಗಾಗಿತ್ತಂತೆ. ಆ ಎರಡು ಹೋಳಿನ ನಡುವೆ ಸಿಕ್ಕಿಸಿಕೊಂಡೇ ಅವರು ಕೈಕಾಲಿಗೆ ಚುಚ್ಚಿದ ಸಿಬಿರು ಕೀಳುತ್ತಿದ್ದರು. ನನ್ನ ಅಂಗೈಯಿಂದ ಎಷ್ಟು ಸಲ ಕಿತ್ತಿದ್ದಾರೋ ಲೆಕ್ಕವಿಲ್ಲ. ಕಿತ್ತಾದ ಮೇಲೆ ಆ ಜಾಗಕ್ಕೆ ಒಮ್ಮೆ ಊದಿ, "ಹೋಯ್ತು ಬುಡಿ" ಎನ್ನುತ್ತಿದ್ದರು.

'ಅವರು' ಎಂದು ಈಗ ಬರೆಯುತ್ತಿದ್ದೇನೆ. ಆಗ ಎದುರಿಗೆ 'ನೀನು, ಬಾ, ಹೋಗು' ಎನ್ನುತ್ತಿದ್ದೆ. ನನಗೆ ಹತ್ತೊಂಬತ್ತು, ಅವರಿಗೆ ನನ್ನ ತಾಯಿಗಿಂತ ಹೆಚ್ಚು ವಯಸ್ಸು. ಆದರೆ ನಾನು ಎಸ್ಟೇಟಿನ ರೈಟರ ಹೆಂಡತಿ, ಅವರು ಲೈನಿನಲ್ಲಿದ್ದ ಕೂಲಿಯಾಳು. ನನ್ನ ಜಂಬಕ್ಕೆ ಅಷ್ಟು ಸಾಕಿತ್ತು.

ಕೊಡಗು ಇನ್ನೂ ತನ್ನಷ್ಟಕ್ಕೆ ತಾನೇ ಒಂದು ರಾಜ್ಯವಾಗಿದ್ದ ಕಾಲ. ಹಾಸನದ ಕಡೆಯಿಂದ ಮದುವೆಯಾಗಿ ಮಾದಾಪುರದ ಹತ್ತಿರದ ಒಂದು ಕಾಫಿ ತೋಟಕ್ಕೆ ಬಂದಿದ್ದೆ. ಆಳುಗಳ ಹಾಜರಿ ಬರೆಯುವುದು, ಸ್ಟೋರಿನ ಬೀಗದ ಕೈ ಇಟ್ಟುಕೊಳ್ಳುವುದು ನಮ್ಮ ಯಜಮಾನರ ಕೆಲಸ. ನಮ್ಮ ಮನೆ ಕೂಲಿಯವರ ಸಾಲುಕೋಣೆಗಳ ಲೈನಿನ ತುದಿಗೆ ತಾಗಿಕೊಂಡಿತ್ತು. ಲೈನಿನ ಕೊನೆಯ ಕೋಣೆ ಬೆಣೆಯವ್ವನದು. ಗಂಡ ತೀರಿಕೊಂಡು, ಇದ್ದೊಬ್ಬ ಮಗಳನ್ನು ಕುಶಾಲನಗರದ ಕಡೆಗೆ ಕೊಟ್ಟು, ಒಬ್ಬರೇ ಇದ್ದರು. ನಮ್ಮ ಹಿತ್ತಿಲಿಗೂ ಅವರ ಬಾಗಿಲಿಗೂ ನಡುವೆ ಒಂದು ಬಟ್ಟೆ ಒಗೆಯುವ ಕಲ್ಲು, ಅಷ್ಟೇ.

ಆ ತೋಟದಲ್ಲಿ ಯಾರ ಮನೆಯಲ್ಲೂ ಕೊಡಲಿ ಇರುವಂತಿರಲಿಲ್ಲ. ಕಾಫಿಗೆ ನೆರಳು ಕೊಡುವ ಮರಗಳ ಕೊಂಬೆಗಳು ಸೌದೆಗೆಂದು ಮಾಯವಾಗುತ್ತಿದ್ದವೆಂದು ತೋಟದ ಬಿಳಿಯ ದೊರೆ ಹಾಗೆ ಕಟ್ಟಪ್ಪಣೆ ಮಾಡಿದ್ದರು. ಕೊಡಲಿಗಳೆಲ್ಲ ಸ್ಟೋರಿನಲ್ಲಿ. ಬಿದ್ದ ಮರವನ್ನು ಎಸ್ಟೇಟಿನವರೇ ಗರಗಸದಲ್ಲಿ ಮೊಳದುದ್ದ ಕುಯ್ಯಿಸಿ ವಾರಕ್ಕೊಮ್ಮೆ ಗಾಡಿಯಲ್ಲಿ ತಂದು ಸುರಿಯುತ್ತಿದ್ದರು. ಸೀಳಿಕೊಳ್ಳುವುದು ಅವರವರ ಪಾಡು. ರೈಟರ ಮನೆಗೂ ಇದೇ ಕಾನೂನು.

ಬೆಣೆಯವ್ವ ಸೀಳುವುದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು. ಅವರಿಗೆ ಅವಸರವೇ ಇರಲಿಲ್ಲ. ಗಾಡಿ ತಂದ ತುಂಡುಗಳನ್ನು ಬಿಸಿಲಿಗೆ ನಿಲ್ಲಿಸಿ ನಾಲ್ಕು ದಿನ ಸುಮ್ಮನೆ ಬಿಡುತ್ತಿದ್ದರು. ಒಣಗುತ್ತ ಬಂದಂತೆ ಮರದ ಮುಖದಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ. ಕುಕ್ಕರಗಾಲಲ್ಲಿ ಕೂತು, ಆ ಸೀಳು ಉಗುರಿನಿಂದ ಬಿರುಕನ್ನು ಸವರಿ ನೋಡಿ, ಎಲ್ಲಿ ಆಳವೋ ಅಲ್ಲಿಗೆ ಸಣ್ಣ ಬೆಣೆ ಇಡುತ್ತಿದ್ದರು. ಬೆಣೆಗಳು ಹಳೇ ಕಾಫಿ ಗಿಡದ ಬೊಡ್ಡೆಯಿಂದ ಅವರೇ ಕೆತ್ತಿಕೊಂಡವು, ಕಬ್ಬಿಣದಷ್ಟು ಗಟ್ಟಿ. ಕೊಡತಿಯಿಂದ ಎರಡು ಪೆಟ್ಟು. ಬಿರುಕು ಬಾಯಿ ಬಿಟ್ಟರೆ ಪಕ್ಕಕ್ಕೆ ಎರಡನೆಯದು, ದೊಡ್ಡದು. ಆಮೇಲೆ ಮೂರನೆಯದು. ಕೊನೆಗೆ ತುಂಡು ಸದ್ದಿಲ್ಲದೆ ಎರಡಾಗಿ ಬೀಳುತ್ತಿತ್ತು. ತೆಳ್ಳಗಿನದಕ್ಕೆ ಬೆಣೆಯೂ ಬೇಡ. ಕತ್ತಿಯ ಬಾಯಿಯನ್ನು ಅದರ ತಲೆಯ ಮೇಲಿಟ್ಟು ಕತ್ತಿಯ ಬೆನ್ನಿಗೆ ಕುಟ್ಟುವುದು. ಗಂಟಿರುವ ತುಂಡನ್ನು ಮಾತ್ರ ಮುಟ್ಟುತ್ತಿರಲಿಲ್ಲ. "ಅದನ್ನ ಯಾಕೆ ಗೋಳುಯ್ಕಬೇಕು, ನೀರೊಲೆಗೆ ಇಡೀದೇ ಹಾಕಿ. ಬೆಳಗಾನ ಉರೀತದೆ."

ನನಗೂ ಕಲಿಸಿದರು. ಹಟ ಮಾಡಿ ಕಲಿಸಿದರು ಎನ್ನಬೇಕು. ನಾನು ಎಲ್ಲೆಂದರಲ್ಲಿ ಬೆಣೆ ಇಟ್ಟು ಹಲ್ಲು ಕಚ್ಚಿ ಬಾರಿಸುತ್ತಿದ್ದೆ. ಅದು ಪಟ್ಟನೆ ಹಾರಿ ಹಣೆಗೆ ಬಂದು ಬಡಿಯುತ್ತಿತ್ತು.

"ಗುದ್ದಾಡ್‌ಬ್ಯಾಡಿ ಅಮ್ಮಾರೇ. ಎಲ್ಲಿ ಬಿರಿತೀನಿ ಅಂತ ಅದೇ ತೋರಿಸ್ತದೆ, ನೋಡಿ."

"ನಮ್ಮೂರಲ್ಲಿ ಒಂದೇ ಏಟಿಗೆ ಎರಡು ಮಾಡ್ತಾರೆ. ನಿನ್ನ ಹಾಗೆ ಮರದ ಮುಂದೆ ತಪಸ್ಸಿಗೆ ಕೂತ್ರೆ ಅಡಿಗೆ ಮಾಡೋದು ಯಾವಾಗ?"

"ಮಾಡಣ, ಮಾಡಣ. ಗಂಡ ಬರಾಕೆ ಇನ್ನೂ ಹೊತ್ತೈತೆ" ಎಂದು ನಗುತ್ತಿದ್ದರು. ನಾನು ಮೂಗು ಮುರಿಯುತ್ತಿದ್ದೆ.

ಆ ವರ್ಷ ಕಾಫಿ ಗಿಡಗಳು ಮೊಗ್ಗು ಕಟ್ಟಿ ಮಳೆಗೆ ಕಾಯುತ್ತಿದ್ದಾಗ, ಅತ್ತೆ ಮೊದಲ ಬಾರಿಗೆ ನಮ್ಮ ಮನೆಗೆ ಬರುತ್ತೇನೆಂದು ಹೇಳಿಕಳಿಸಿದರು. ಜೊತೆಗೆ ನಾಲ್ಕಾರು ಜನ. ಅತ್ತೆಯ ಬಾಯಿಗೆ ನಾನು ಹೆದರುತ್ತಿದ್ದೆ. ಹಿಂದಿನ ವಾರ ಗಾಡಿ ಬಂದಿರಲಿಲ್ಲ. ಮನೆಯಲ್ಲಿ ಎರಡು ದಿನಕ್ಕಾಗುವಷ್ಟು ಸೌದೆಯೂ ಇರಲಿಲ್ಲ. ಬೆಣೆಯವ್ವನನ್ನು ಕೇಳಿದ್ದರೆ ಕೊಡುತ್ತಿದ್ದರು, ಅವರ ಗೋಡೆಗೆ ಒರಗಿಸಿ ಒಟ್ಟಿದ ಸೀಳುಗಳು ಸೂರಿನವರೆಗೂ ಇದ್ದವು. ಕೂಲಿಯಾಳಿನ ಹತ್ತಿರ ಸೌದೆ ಕೇಳುವುದೇ ಎಂದು ನನಗೆ ಅಭಿಮಾನ ಅಡ್ಡ ಬಂತು.

ಯಜಮಾನರು ದೊರೆಯ ಜೊತೆ ಮಡಿಕೇರಿಗೆ ಹೋಗಿದ್ದರು. ಬೀಗದ ಕೈ ಗೂಡಿನಲ್ಲಿತ್ತು. ಸ್ಟೋರಿನಿಂದ ಕೊಡಲಿ ತಂದೆ. ಮನೆಯ ಹಿಂದೆ, ತೋಟದ ಅಂಚಿನಲ್ಲಿ ಒಂದು ಹಲಸಿನ ಮರವಿತ್ತು. ಅದರ ಕೆಳಗಿನ ಕೊಂಬೆಯೊಂದು ಎಲೆಯಿಲ್ಲದೆ ಬೋಳಾಗಿತ್ತು. ಒಣಗಿದೆ, ಯಾರಿಗೆ ನಷ್ಟ ಅಂದುಕೊಂಡೆ. ಅದು ಬುಡದಲ್ಲಿ ಇನ್ನೂ ಹಸಿಯಿತ್ತು. ಮೇಣ ಒಸರಿ ಕೈಗೆ, ಕೊಡಲಿಗೆ, ಸೀರೆಗೆಲ್ಲ ಹತ್ತಿತು. ಶುರು ಮಾಡಿದ ಮೇಲೆ ಬಿಡುವುದು ಹೇಗೆ? ಕಡಿದೇ ಕಡಿದೆ. ಕೊಂಬೆ ಮುರಿದು ಕೆಳಗಿದ್ದ ಕಾಫಿ ಗಿಡಗಳ ಮೇಲೆ ಬಿತ್ತು. ಮೊಗ್ಗು ತುಂಬಿದ್ದ ಐದು ಗಿಡಗಳು ನೆಲ ಕಚ್ಚಿದವು. ಕೊಂಬೆಯನ್ನು ತುಂಡು ಮಾಡಿ ಹಿತ್ತಿಲಿಗೆ ತಂದು, ಕೊಡಲಿಯನ್ನು ಮತ್ತೆ ಸ್ಟೋರಿನಲ್ಲಿಟ್ಟು ಬೀಗ ಹಾಕಿದೆ.

ಸಂಜೆ ಬೆಣೆಯವ್ವ ಕೆಲಸ ಬಿಟ್ಟು ಬಂದಾಗ ನಾನು ಹಿತ್ತಿಲಲ್ಲಿ ಅಳುತ್ತ ಕೂತಿದ್ದೆ. ಪಕ್ಕದಲ್ಲಿ ಹಳದಿ ತುಂಡುಗಳ ರಾಶಿ. ಅವರು ಒಂದನ್ನೆತ್ತಿ ತುದಿ ನೋಡಿದರು. ಎಸ್ಟೇಟಿನ ಸೌದೆಯ ತುದಿ ಗರಗಸದ್ದು, ಸಪಾಟು. ಇದರದು ಕಚ್ಚುಕಚ್ಚು. ಯಾವ ಕುರುಡನಿಗೂ ಗೊತ್ತಾಗುವಂತಿತ್ತು.

"ಹಸಿ ಐತೆ, ಉರಿಯಲ್ಲ ಇದು" ಎಂದರು, ಅಷ್ಟೇ. ಬಯ್ಯಲಿಲ್ಲ. ತಮ್ಮ ಗೋಡೆಯ ಸೌದೆಯನ್ನು ಹೊರೆಹೊರೆಯಾಗಿ ತಂದು ನಮ್ಮ ಅಡಿಗೆಮನೆಯಲ್ಲಿ ಒಟ್ಟಿದರು. ಹಲಸಿನ ತುಂಡುಗಳನ್ನು ಕುಕ್ಕೆಯಲ್ಲಿ ತುಂಬಿಕೊಂಡು ತಮ್ಮ ಕೋಣೆಗೆ ಒಯ್ದರು. "ನೀರೊಲೆಗೆ ತುರುಕ್ತೀನಿ. ಎರಡು ದಿನಕ್ಕೆ ಬೂದಿ ಆಯ್ತದೆ. ಕೈಗೆ ಕೊಬ್ರಿ ಎಣ್ಣೆ ಹಚ್ಕಳಿ, ಮೇಣ ಬಿಡ್ತದೆ. ಅತ್ತೆಮ್ಮನ ಮುಂದೆ ಅಳಬ್ಯಾಡಿ."

ಎರಡು ದಿನ ಸಿಗಲಿಲ್ಲ. ಮಾರನೆಯ ಬೆಳಿಗ್ಗೆಯೇ ತೋಟ ಕಾಯುವ ವಾಚರನು ಮುರಿದ ಗಿಡಗಳನ್ನು ನೋಡಿ ಲೈನೆಲ್ಲ ಹುಡುಕಿದ. ಬೆಣೆಯವ್ವನ ಒಲೆಯಲ್ಲಿ ಹಲಸು ಹೊಗೆಯಾಡುತ್ತಿತ್ತೇ ಹೊರತು ಉರಿದಿರಲಿಲ್ಲ. ರೈಟರ ಮನೆಯೊಳಗೆ ಅವನು ಕಾಲಿಡಲೂ ಇಲ್ಲ.

ಮಡಿಕೇರಿಯಿಂದ ಮರಳಿದ ದೊರೆ ಲೈನಿನ ಮುಂದೆಯೇ ವಿಚಾರಣೆ ಮಾಡಿದರು. ಅವರ ಕನ್ನಡ ಹರುಕುಮುರುಕು. ಆದ್ದರಿಂದ ಪಕ್ಕದಲ್ಲಿ ನಿಂತು ಕೇಳಿ ಹೇಳುವ ಕೆಲಸ ನಮ್ಮ ಯಜಮಾನರದು. ನಾನು ಬಾಗಿಲ ಹಿಂದೆ ನಿಂತಿದ್ದೆ. ಒಳಗೆ, ಆಗಷ್ಟೇ ಬಂದಿಳಿದಿದ್ದ ಅತ್ತೆ ಕಾಫಿ ಕುಡಿಯುತ್ತಿದ್ದರು.

"ಯಾರು ಕಡಿದದ್ದು?" ಯಜಮಾನರು ಕೇಳಿದರು.

"ನಾನೇಯ."

"ಯಾವುದರಲ್ಲಿ?"

"ಕೊಡ್ಲಿಲಿ. ಮಗಳ ಊರಿಂದ ತಂದಿದ್ದೆ. ಹೆದ್ರಿಕೆಯಾಗಿ ಹೊಳೆಗೆ ಎಸೆದ್‌ಬಿಟ್ಟೆ."

ಲೈನಿನ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹೆಂಗಸು ಕೊಡಲಿ ಹಿಡಿದದ್ದನ್ನು ಯಾರೂ ಕಂಡಿರಲಿಲ್ಲ. ನನ್ನ ಕೈಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಇತ್ತು. ಎರಡು ಹೆಜ್ಜೆ ಹೊರಗೆ ಬಂದು 'ನಾನು' ಎನ್ನಬೇಕಿತ್ತು. ಎರಡೇ ಹೆಜ್ಜೆ. ನಾನು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತೆ.

ಯಜಮಾನರಿಗೆ ಆವರೆಗೆ ಏನೂ ಗೊತ್ತಿರಲಿಲ್ಲ. ಮಧ್ಯಾಹ್ನ ಸ್ಟೋರಿನಲ್ಲಿ ಕೊಡಲಿಯ ಬಾಯಿಗೆ ಮೇಣ ಮೆತ್ತಿದ್ದನ್ನು ಕಂಡು ಬಂದರು. ನನ್ನ ಕೈ ಹಿಡಿದು ಮೂಸಿ ನೋಡಿದರು. ಆಮೇಲೆ ಎಣ್ಣೆ ಬಟ್ಟಲು ತೆಗೆದುಕೊಂಡು ಹೋಗಿ ಕೊಡಲಿಯನ್ನು ಒರೆಸಿಟ್ಟರು. "ಬಾಯಿ ಬಿಟ್ರೆ ನಾಳೆ ನಮ್ಮ ಗಂಟುಮೂಟೆನೂ ರಸ್ತೇಲಿ ಇರುತ್ತೆ. ಅಮ್ಮ ಬೇರೆ ಬಂದಿದ್ದಾರೆ" ಎಂದರು. ಯಜಮಾನರ ಮೇಲೆ ಹಾಕಿ ನಾನು ಕೈ ತೊಳೆದುಕೊಳ್ಳುವುದಿಲ್ಲ. ನನಗೆ ಬೇಕಾಗಿದ್ದ ಮಾತನ್ನೇ ಅವರು ಆಡಿದರು.

ಹಾಜರಿ ಪುಸ್ತಕದಲ್ಲಿ ಬೆಣೆಯವ್ವನ ಹೆಸರು ಹೊಡೆದುಹಾಕಿದರು. ಮೂರನೆಯ ದಿನ ಕೋಣೆ ಬಿಡಬೇಕಾಯಿತು. ಹೋಗುವಾಗ ನಮ್ಮ ಹಿತ್ತಿಲ ಬಾಗಿಲಿಗೆ ಬಂದರು. ತಲೆಯ ಮೇಲೆ ಒಂದು ಗಂಟು, ಕೈಯಲ್ಲಿ ಮೂರು ಬೆಣೆ ಮತ್ತು ಕೊಡತಿ. ನಾನು ಬಾಗಿಲನ್ನು ಅರ್ಧವೇ ತೆರೆದೆ, ಅತ್ತೆ ಒಳಗಿದ್ದರಲ್ಲ.

"ಮಗಳ ಊರಲ್ಲಿ ಎಲ್ಲರ ಮನೇಲೂ ಕೊಡ್ಲಿ ಐತೆ, ನಂಗಿವು ಬೇಕಾಗಲ್ಲ. ಇಟ್ಕಳಿ. ಕೊಡ್ಲೀನ ಇನ್ನು ಮುಟ್ಟಬ್ಯಾಡಿ ಅಮ್ಮಾರೇ."

ಒಂದು ಲೋಟ ನೀರು ಬೇಕೇ ಎಂದು ಕೂಡ ನಾನು ಕೇಳಲಿಲ್ಲ. ಬೆಣೆಗಳನ್ನೂ ಕೊಡತಿಯನ್ನೂ ತೆಗೆದುಕೊಂಡು ಬಾಗಿಲು ಹಾಕಿದೆ.

ಅವು ಕೈಗೆ ಬಂದ ಮೇಲೆ ನನಗೆ ಸೌದೆ ಸೀಳುವುದು ಒಲಿಯಿತು. ಬಿರುಕು ಹುಡುಕಲು, ಕಾಯಲು ಬಂತು. ನಡುವೆ ಸಣ್ಣ ಬೆಣೆ ಒಡೆದುಹೋಯಿತು. ನಾನೇ ಕಾಫಿ ಬೊಡ್ಡೆ ಕೆತ್ತಿ ಒಂದನ್ನು ಮಾಡಿಕೊಂಡೆ. ಒಮ್ಮೆ ದೊರೆಯ ಹೆಂಡತಿ ಆ ಕಡೆ ಬಂದವರು ನಿಂತು ನೋಡಿ, ಯಾರು ಕಲಿಸಿದರು ಎಂದು ಕೇಳಿದರು. "ನಮ್ಮೂರ ಕಡೆ ಹೀಗೇ ಸೀಳೋದು" ಎಂದೆ. ಒಂದು ಚೂರೂ ತಡವರಿಸಲಿಲ್ಲ. ಮರ ಕಡಿದದ್ದು ಅವಸರ, ಬಾಗಿಲ ಹಿಂದೆ ನಿಂತದ್ದು ಹೆದರಿಕೆ ಅಂತಾದರೂ ಹೇಳಿಕೊಳ್ಳಬಹುದು. ಇದಕ್ಕೇನು ಹೇಳಲಿ? ಇದನ್ನು ನೆನೆದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳಬೇಕು ಅನ್ನಿಸುತ್ತದೆ.

ಕೊಡಗು ಮೈಸೂರಿಗೆ ಸೇರುತ್ತದಂತೆ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದ ವರ್ಷ, ಒಂದು ಮಧ್ಯಾಹ್ನ ಹಿತ್ತಿಲಿಗೆ ಒಬ್ಬ ಹೆಂಗಸು ಬಂದಳು. ನೋಡಿದ ತಕ್ಷಣ ಗೊತ್ತಾಯಿತು, ಅದೇ ಹಣೆ, ಅದೇ ಗಲ್ಲ. ಬೆಣೆಯವ್ವನ ಮಗಳು. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆ.

"ಅವ್ವ ಹೋದ್ಲು, ತಿಂಗಳಾಯ್ತು" ಎಂದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. "ನಿಮ್ಮನ್ನ ಒಂದ್ಮಾತು ಕೇಳಣ ಅಂತ ಬಂದೆ. ಅವ್ವ ಕಳ್ಳತನ ಮಾಡಿ ತೋಟ ಬಿಡಿಸ್ಕಂಡ್ ಬಂದೋಳು ಅಂತ ನಮ್ಮನೇರು ಕೊನೆಗಂಟ ಆಡ್ಕಂಡ್ರು. ಉಣ್ಣಾಕಿಕ್ಕುವಾಗ್ಲೂ ಆಡೋರು. ನಾನು ಕೇಳಿದ್ರೆ, ಹೂಂ ನಾನೇ ಕಡ್ದೆ ಅಂತಿದ್ಲು. ಮಗಳ ಊರಿಂದ ತಂದ ಕೊಡ್ಲಿ ಅಂದ್ಲಂತೆ. ನಾನು ಯಾವ ಕೊಡ್ಲೀನೂ ಕೊಟ್ಟಿಲ್ಲ ಅಮ್ಮ. ನೀವು ಪಕ್ಕದಲ್ಲೇ ಇದ್ರಿ. ನಿಮಗೆ ಗೊತ್ತಿರಬೇಕು."

ಮೂಲೆಯಲ್ಲಿ ಕೊಡತಿಯ ಪಕ್ಕ ಬೆಣೆಗಳಿದ್ದವು. ನಾನು ಅವುಗಳನ್ನೇ ನೋಡುತ್ತ, "ಕಡಿದದ್ದು ನಾನು" ಎಂದೆ. ಹಲಸು, ಮೇಣ, ಬಾಗಿಲು, ಎಲ್ಲ ಹೇಳಿದೆ. ನನ್ನನ್ನು ಬಯ್ಯಿ, ನಿನ್ನ ಗಂಡನ ಮನೆಯವರಿಗೆ ನಾನೇ ಬಂದು ಹೇಳುತ್ತೇನೆ ಎಂದೆಲ್ಲ ಅಂದೆ.

"ಈಗ ಬಂದು?" ಎಂದಳು. ಕಾಫಿ ಅರ್ಧ ಹಾಗೇ ಇತ್ತು. ಲೋಟ ಕೆಳಗಿಟ್ಟು, "ಅವ್ವನ ಬೆಣೆ ಕೊಡಿ" ಎಂದಳು.

ಮೂರನ್ನೂ ತಂದು ಅವಳ ಮುಂದಿಟ್ಟೆ, ಕೊಡತಿಯನ್ನೂ ಇಟ್ಟೆ. ಅವಳು ಬೆಣೆಗಳನ್ನು ಒಂದೊಂದಾಗಿ ಕೈಯಲ್ಲಿ ಹಿಡಿದು ನೋಡಿದಳು. ಎರಡನ್ನು ಮಡಿಲಿಗೆ ಹಾಕಿಕೊಂಡು, ಕೊಡತಿ ಎತ್ತಿಕೊಂಡಳು. ಇನ್ನೊಂದನ್ನು ನನ್ನ ಕಡೆಗೆ ಸರಿಸಿ, "ಇದು ಅವ್ವಂದಲ್ಲ" ಎಂದು ಎದ್ದಳು.

ಆ ಬೆಣೆ ಇವತ್ತಿಗೂ ನನ್ನ ಹತ್ತಿರ ಇದೆ. ಒಲೆ ಹೋಗಿ ಎಷ್ಟೋ ವರ್ಷಗಳಾದವು, ಬಾಗಿಲು ಗಾಳಿಗೆ ಬಡಿದುಕೊಳ್ಳದಂತೆ ಅದನ್ನು ಕೆಳಗೆ ಸಿಕ್ಕಿಸುತ್ತೇನೆ. ಇದನ್ನು ಯಾರು ಮಾಡಿದ್ದು ಎಂದು ಮೊಮ್ಮಕ್ಕಳು ಕೇಳುತ್ತಾರೆ. ನಾನೇ ಎನ್ನುತ್ತೇನೆ.