ನಿರ್ದಾಕ್ಷಿಣ್ಯ ಎಂದರೆ

ಮಹದೇವಮ್ಮ, ಆ ದಿನ ನಿಮ್ಮನ್ನು ಪರೀಕ್ಷೆಯ ಗೇಟಿನಿಂದ ವಾಪಸ್ಸು ಕಳಿಸಿದ್ದು ನಿಯಮವಲ್ಲ, ನಾನು. ಇಷ್ಟು ವರ್ಷ ನಿಯಮದ ಹೆಸರು ಹೇಳಿಕೊಂಡೇ ಬಂದೆ — ಹೆಂಡತಿಯ ಮುಂದೆ, ಜೊತೆಯ ಮೇಷ್ಟ್ರುಗಳ ಮುಂದೆ, ಒಳಗೊಳಗೆ ನನಗೆ ನಾನೇ. ಇನ್ನು ಸಾಕು.

ಓದುವವರಿಗೂ ತಿಳಿಯಲಿ. ತೊಂಬತ್ತರ ದಶಕದ ಕೊನೆ. ಹೆಡತಲೆ ಕಡೆಯ ಒಂದು ಹೈಸ್ಕೂಲಿನಲ್ಲಿ ನಾನು ಕನ್ನಡ ಮೇಷ್ಟ್ರು, ನೀವು ದಿನಗೂಲಿ ಆಯಾ. ಆ ವರ್ಷ ಎಸ್ಸೆಸ್ಸೆಲ್ಸಿ ಪಾಸಾದರೆ ಕೆಲಸ ಕಾಯಂ, ಇಲ್ಲದಿದ್ದರೆ ಪಾಸಾದ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಆಡಳಿತದವರು ಹೇಳಿದ್ದರು. ಮೂವತ್ತು ದಾಟಿದ್ದ ನೀವು ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿದಿರಿ. ಸಂಜೆ ಶಾಲೆ ಬಿಟ್ಟ ಮೇಲೆ ವರಾಂಡದಲ್ಲಿ ಕೂತು ನಾನೇ ಪಾಠ ಹೇಳಿದೆ. ಆಗ ನಿಮ್ಮನ್ನು ನೀನು ಎನ್ನುತ್ತಿದ್ದೆ.

ಒಂದು ಸಂಜೆ ಕೇಳಿದಿರಿ, "ಸಾ, ನಿರ್ದಾಕ್ಷಿಣ್ಯ ಅಂದ್ರೇನ್ ಸಾ? ಎಲ್ರೂ ನಿಮ್ಮುನ್ನ ಅಂಗಂತರಲ್ಲ."

ನನಗೋ ಹೆಮ್ಮೆ. ಕಾಪಿ ಹೊಡೆದವರು ಯಾರ ಮಕ್ಕಳಾದರೂ ಎಬ್ಬಿಸಿ ಕಳಿಸುವವನು ಎಂದು ಹೆಸರು ಮಾಡಿದ್ದೆ. "ಯಾರ ಮುಖಾನೂ ನೋಡದೆ ಸರಿಯಾದ್ದನ್ನ ಮಾಡೋದು" ಎಂದೆ.

ನೀವು ಪೆನ್ಸಿಲ್ ಕಚ್ಚಿ ಯೋಚಿಸಿದಿರಿ. "ಮೊಕಾನೇ ನೋಡ್ದಿದ್ರೆ ಅವ್ರ್ ಕಷ್ಟ ಏನೂಂತ ಎಂಗ್ ಗೊತ್ತಾಯ್ತದೆ ಸಾ?"

"ತಲೆಹರಟೆ ಮಾಡಬೇಡ, ಬರ್ಕೊ" ಎಂದೆ. ನಕ್ಕು ಬರೆದುಕೊಂಡಿರಿ. ಕನಿಕರವಿಲ್ಲದಿರುವುದು ಎಂಬ ಅರ್ಥವೂ ಆ ಪದಕ್ಕಿದೆ. ಅದನ್ನು ನಾನು ಹೇಳಿಕೊಡಲಿಲ್ಲ.

ಪರೀಕ್ಷೆ ತಿ. ನರಸೀಪುರದಲ್ಲಿ. ಗೇಟಿನ ಡ್ಯೂಟಿ ನನಗೇ ಬಿತ್ತು. ತಡವಾಗಿ ಬಂದವರನ್ನು ಅರ್ಧ ಗಂಟೆಯವರೆಗೆ ಒಳಗೆ ಬಿಡಬಹುದಿತ್ತು. ಬಸ್ಸು ಪಂಕ್ಚರಾಗಿ, ಅಲ್ಲಿಂದ ನಡೆದು, ಓಡಿ — ನೀವು ಬಂದಿರಿ. ನಾನು ವಾಚು ನೋಡಿದೆ. ಅರ್ಧ ಗಂಟೆಯ ಮೇಲೆ ಎರಡು ನಿಮಿಷ. ಪಕ್ಕದಲ್ಲಿ ಇನ್ನಿಬ್ಬರು ಮೇಷ್ಟ್ರುಗಳು, ತನ್ನ ಶಾಲೆಯ ಆಯಾಳನ್ನು ಇವನು ಏನು ಮಾಡುತ್ತಾನೋ ನೋಡೋಣ ಎಂಬಂತೆ...

"ಟೈಮ್ ಆಯ್ತು, ಹೋಗು" ಎಂದೆ. ವಾಚಿನಿಂದ ಕಣ್ಣು ತೆಗೆಯಲಿಲ್ಲ.

"ನಾನು ಸಾ, ಮಾದೇವಮ್ಮ" ಎಂದಿರಿ.

ನಾನು ಗೇಟಿನ ಚಿಲಕ ಹಾಕಿದೆ. ನೀವು ಹೋಗಿ ರಸ್ತೆಯಾಚೆ ಮರದ ಕೆಳಗೆ ಕೂತಿರಿ. ಆಮೇಲೆ ಆಫೀಸಿನ ಗೋಡೆ ಗಡಿಯಾರ ಕಣ್ಣಿಗೆ ಬಿತ್ತು — ಅರ್ಧ ಗಂಟೆಗೆ ಇನ್ನೂ ಐದು ನಿಮಿಷವಿತ್ತು. ನಂಜನಗೂಡಿನ ಬಸ್ಸು ತಪ್ಪಬಾರದೆಂದು ನಾನು ವಾಚನ್ನು ಹತ್ತು ನಿಮಿಷ ಮುಂದಿಟ್ಟಿರುತ್ತಿದ್ದೆ. ದಿನಾ ಬಸ್ಸಿಗೆ ಓಡಾಡುವ ನಾವೆಲ್ಲ ಹಾಗೆಯೇ. ಗಡಿಬಿಡಿಯಲ್ಲಿ ಅದನ್ನೇ ಮರೆತಿದ್ದೆ.

ಅಲ್ಲಿಯವರೆಗೆ ಅದು ಮರೆವು. ಆಮೇಲಿನದು — ಒಮ್ಮೆ ಕೂಗಿದ್ದರೆ ನಿಮಗೆ ಕೇಳುತ್ತಿತ್ತು. ಆಡಿದ ಮಾತು ಹಿಂದೆ ತೆಗೆದುಕೊಂಡರೆ ಆ ಇಬ್ಬರು ನಗುತ್ತಾರೆ ಎಂದು ಸುಮ್ಮನೆ ನಿಂತೆ. ಅರ್ಧ ಗಂಟೆಯ ಬೆಲ್ ಹೊಡೆಯಿತು. ನೀವು ಎದ್ದು ಬಸ್ ಸ್ಟ್ಯಾಂಡಿನ ಕಡೆ ಹೋದಿರಿ.

ಜೂನ್‌ನಲ್ಲಿ ಹೊಸ ಆಯಾ ಬಂದಳು. ಸಂಜೆ ನಾನು ವರಾಂಡದಲ್ಲಿ ಒಬ್ಬನೇ ಕೂರುತ್ತಿದ್ದೆ. ಯಾರಾದರೂ "ಸಾ" ಎಂದರೆ ನೀವೇ ಎಂದು ತಿರುಗುತ್ತಿದ್ದೆ. ನೀವು ಬರಬೇಕು, ಎದುರಿಗೆ ಕೂತು ಏನಾದರೂ ತರಲೆ ಪ್ರಶ್ನೆ ಕೇಳಬೇಕು ಎಂದು ಎಷ್ಟು ಹಂಬಲಿಸಿದೆನೋ... ಬೈದಾದರೂ ಹೋಗಬಾರದಿತ್ತೆ ಎನ್ನಿಸುತ್ತಿತ್ತು.

ಏಳೆಂಟು ವರ್ಷವಾದ ಮೇಲೆ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ನೀವೇ ಬಂದು ಮಾತಾಡಿಸಿದಿರಿ. ಗಾರೆ ಕೆಲಸಕ್ಕೆ ಹೋಗುತ್ತಿದ್ದಿರಿ; ಸಿಮೆಂಟು ತಿಂದು ಕೈ ಬಿರಿದಿತ್ತು. "ಚೆಂದಾಗಿದ್ದೀರಾ ಸಾ?" ಎಂದಿರಿ. ಆಮೇಲೆ ತಲೆ ತಗ್ಗಿಸಿ, "ಅವತ್ತು ನಂದೇ ತೆಪ್ಪು ಸಾ. ಒಂದ್ ಬಸ್ ಮುಂಚೆ ಒಂಟಿದ್ರೆ ಆಗೋದು. ನೀವೇಳ್ಕೊಟ್ಟಿದ್ನೆಲ್ಲ ಮಣ್ ಮಾಡ್ಬುಟ್ಟೆ."

ಹೇಳಬಹುದಿತ್ತು. ಬಸ್ಸಿಗೆ ಇನ್ನೂ ಹೊತ್ತಿತ್ತು. "ಹೋಗ್ಲಿ ಬಿಡು, ಆದದ್ದಾಯ್ತು" ಎಂದೆ — ನಿಮ್ಮನ್ನು ಕ್ಷಮಿಸಿದವನ ಹಾಗೆ.

ಈಗ ಚಿಕ್ಕಯ್ಯನಛತ್ರದಲ್ಲಿ ಮಗಳ ಮನೆಯಲ್ಲಿದ್ದೀರಂತೆ, ವಿಚಾರಿಸಿಕೊಂಡಿದ್ದೇನೆ. ಭಾನುವಾರ ಬರುತ್ತೇನೆ. ಒಳಗೆ ಕರೆಯಬೇಡಿ, ಕಾಫಿ ಇಡಬೇಡಿ. ನೀವು ಹೊತ್ತಿಗೆ ಬಂದಿದ್ದಿರಿ ಎಂದು ಬಾಗಿಲಲ್ಲೇ ನಿಂತು ಹೇಳಬೇಕು.