ಬೋರಮಾಳ ಬಿಚ್ಚಿಸಿ ತೆಗೆದ ಫೋಟೋ

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಕಿಣ್ಣಿ ಸುಲ್ತಾನದ ನಮ್ಮ ಓಣಿಯಲ್ಲೂ ನಾನೇ ಮೊದಲು. ಅವ್ವ ತೊಗರಿ ಕೊಯ್ದು ಫೀ ಕಟ್ಟಿದ್ದಳು. ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆ ಓದಿಗೆ ಸಿಕ್ಕ ಕೆಲಸ ಇದು: ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕು ಸುತ್ತಿ, ಆಪರೇಷನ್ನಿಗೆ ಗತಿಯಿಲ್ಲದವರನ್ನು ಹುಡುಕಿ, ಫೋಟೋ ತೆಗೆದು, ಅವರ ಕಥೆ ಬರೆದು ಆಫೀಸಿಗೆ ಕಳಿಸುವುದು. ಎಲ್ಲೆಲ್ಲಿಯದೋ ಜನ ಅದನ್ನು ಮೊಬೈಲಿನಲ್ಲಿ ನೋಡಿ ದುಡ್ಡು ಹಾಕುತ್ತಾರೆ.

ಕೊಳಕೂರಿನ ಹುಡುಗಿಗೆ ಹತ್ತು ವರ್ಷ. ಹೃದಯದಲ್ಲಿ ರಂಧ್ರ. ಶಾಲೆಯ ತನಕ ನಡೆದರೆ ತುಟಿ ನೀಲಿಯಾಗುತ್ತಿತ್ತು. ಆಪರೇಷನ್ ಆಗದಿದ್ದರೆ ಉಳಿಯುವುದಿಲ್ಲ ಎಂದು ಡಾಕ್ಟರು ನನ್ನೆದುರೇ ತಾಯಿಗೆ ಹೇಳಿದ್ದರು.

ಫೋಟೋಗೆ ಬರುತ್ತೇನೆಂದು ಹಿಂದಿನ ದಿನವೇ ಫೋನ್ ಮಾಡಿ ತಿಳಿಸಿದೆ. ಅದೇ ತಪ್ಪಾಯಿತು. ನಾನು ಹೋದಾಗ ಹುಡುಗಿ ಜರಿಯಂಚಿನ ಪರಕಾರ ಉಟ್ಟು, ತಲೆಗೆ ಎಣ್ಣೆ ಹಚ್ಚಿ, ಮುಖಕ್ಕೆ ಪೌಡರ್ ಬಳಿದುಕೊಂಡು ಕುರ್ಚಿಯ ಮೇಲೆ ಕೂತಿದ್ದಳು. ಕೊರಳಲ್ಲಿ ಬಂಗಾರದ ಬೋರಮಾಳ ಸರ. ಪಕ್ಕದ ಮನೆಯವರದು, ಕೇಳಿ ತಂದದ್ದು. ನನ್ನನ್ನು ಕಂಡದ್ದೇ ಹಲ್ಲು ಪೂರ್ತಿ ತೋರಿಸಿ ನಕ್ಕಳು. ಮುಂದಿನ ಹಲ್ಲೊಂದು ಅರ್ಧ ಮುರಿದಿತ್ತು.

ಒಂದು ಫೋಟೋ ತೆಗೆದು ಕಳಿಸಿದೆ. ಐದು ನಿಮಿಷದಲ್ಲಿ ಮೇಲಿನವರ ಫೋನ್ ಬಂತು. ಬಂಗಾರ ಹಾಕಿಕೊಂಡ ಮಗುವಿಗೆ ಯಾರು ಕೊಡುತ್ತಾರೆ, ಇಷ್ಟು ಓದಿಯೂ ಇಷ್ಟು ತಿಳಿಯುವುದಿಲ್ಲವೇ ಎಂದರು. ಓದಿನ ಮಾತು ಚುಚ್ಚಿತು. ಆ ಸಿಟ್ಟನ್ನು ತಾಯಿಯ ಮೇಲೆ ತೀರಿಸಿಕೊಂಡೆ.

“ಇದು ಲಗ್ನದ ಫೋಟೋ ಅಲ್ಲಬೇ. ಸರ ಬಿಚ್ಚು. ಹರಕ ಅರಿವಿ ಇದ್ರ ಹಾಕು.”

“ಫೋಟೋದಾಗ ಹರಕ ಅರಿವಿ ಹ್ಯಾಂಗ ಹಾಕೂದ್ರಿ ಅಕ್ಕೋರ? ಮಂದಿ ನೋಡ್ತಾರ,” ಎಂದಳು ತಾಯಿ.

“ನೋಡ್ಲಿ ಅಂತನ ಹಾಕೂದು.”

ನನ್ನದೂ ಒಂದು ಫೋಟೋ ನಮ್ಮ ಮನೆಯ ಗೋಡೆಯ ಮೇಲಿದೆ. ಡಿಗ್ರಿ ಆದಾಗ ಅವ್ವ ಆಳಂದದ ಸ್ಟುಡಿಯೋಕ್ಕೆ ಕರೆದೊಯ್ದು, ಬಾಡಿಗೆಯ ಗೌನು, ಟೋಪಿ ಹಾಕಿಸಿ ತೆಗೆಸಿದ್ದು. ಫೋಟೋ ಎಂದರೆ ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ.

ಸರ ಬಿಚ್ಚಿಸಿ, ಹರಕು ಬಟ್ಟೆ ಹಾಕಿಸಿ, ಹುಡುಗಿಯನ್ನು ಕುರ್ಚಿಯ ಬದಲು ಒಲೆಯ ಪಕ್ಕ ನೆಲಕ್ಕೆ ಕೂರಿಸಿದೆ. ಬಾಚಿದ ಕೂದಲು ಕೆದರಿದೆ. ಪೌಡರನ್ನು ತಾಯಿಯ ಕೈಯಲ್ಲೇ ಒರೆಸಿಸಿದೆ. ಆದರೂ ಮೊಬೈಲ್ ಎತ್ತಿದಾಗಲೆಲ್ಲ ಅವಳು ನಗುತ್ತಿದ್ದಳು. ನಾಲ್ಕನೆಯ ಸಲಕ್ಕೆ ಹೇಳಿದೆ: “ನಕ್ಕರ ಆಪರೇಷನ್ ಆಗಂಗಿಲ್ಲ ನೋಡು. ಬಾಯಿ ಮುಚ್ಚು.”

ಮುಚ್ಚಿಕೊಂಡಳು. ಆ ಫೋಟೋ ಆಫೀಸಿಗೆ ಹೋಯಿತು. ಮೊಬೈಲ್ ತುಂಬಿತ್ತು, ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು ಉಳಿದವನ್ನೆಲ್ಲ ಅಳಿಸಿದೆ.

ಬೇಕಾದಷ್ಟು ದುಡ್ಡು ಬಲು ಬೇಗ ಸೇರಿತು. ಆಪರೇಷನ್ನಿನ ದಿನವೂ ಗೊತ್ತಾಯಿತು. ಅದಕ್ಕೆ ನಾಲ್ಕು ದಿನ ಇರುವಾಗ ಹುಡುಗಿಗೆ ಜ್ವರ ಬಂತು. ಜ್ವರ ಬಿಡದೆ ಕೈ ಹಾಕುವುದಿಲ್ಲ ಎಂದರು ಡಾಕ್ಟರು. ಜ್ವರ ಬಿಡಲಿಲ್ಲ, ಹುಡುಗಿ ತೀರಿಕೊಂಡಳು. ಸೇರಿದ ದುಡ್ಡು ಇನ್ನೊಂದು ಮಗುವಿಗೆ ಹೋಯಿತು. ಫೋಟೋ ಮಾತ್ರ ಆಫೀಸಿನಲ್ಲಿ ಉಳಿಯಿತು. ಹೊಸದಾಗಿ ಸೇರಿದವರಿಗೆ ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ಹೀಗೆ ತೆಗೆಯಬೇಕು ಎಂದು ಕಲಿಸಿದರು. ಚಪ್ಪಾಳೆ ಬಿತ್ತು. ನಾನು ಎದ್ದು ನಿಂತು ಕೈಮುಗಿದೆ.

ಅದೇ ವಾರ ತಾಯಿ ಫೋನ್ ಮಾಡಿದಳು. ಮಾಲೆ ಹಾಕಲು ಫೋಟೋ ಬೇಕು, ಸರ ಹಾಕಿಕೊಂಡದ್ದು ಕೊಡಿರಿ ಎಂದಳು. ಮನೆಯಲ್ಲಿ ಮಗಳ ಬೇರೆ ಫೋಟೋ ಇರಲಿಲ್ಲ. ಆಫೀಸಿನಲ್ಲಿ ವಿಚಾರಿಸಿದೆ, ಬೇಡವಾದದ್ದನ್ನು ಅವರೂ ಇಟ್ಟಿರಲಿಲ್ಲ. ಕೊನೆಗೆ ಹರಕು ಬಟ್ಟೆಯದನ್ನೇ ಜೇವರ್ಗಿಯ ಸ್ಟುಡಿಯೋದವನಿಗೆ ಕೊಟ್ಟೆ. ಅವನು ಕಂಪ್ಯೂಟರಿನಲ್ಲಿ ಒಲೆ ತೆಗೆದು ಗುಲಾಬಿ ತೋಟ ಇಟ್ಟ, ರೇಷ್ಮೆ ಪರಕಾರ ಉಡಿಸಿದ, ಕೊರಳಿಗೆ ಆ ಬೋರಮಾಳಕ್ಕಿಂತ ದಪ್ಪನೆಯ ಸರ ಹಾಕಿದ. ಫ್ರೇಮು ಹಾಕಿಸಿ ಕೊಳಕೂರಿಗೆ ಒಯ್ದೆ.

ತಾಯಿ ಸರ ನೋಡಲಿಲ್ಲ, ಪರಕಾರ ನೋಡಲಿಲ್ಲ. ಸೆರಗಿನಿಂದ ಗಾಜು ಒರೆಸಿದಳು. ಮತ್ತೆ ಒರೆಸಿದಳು.

“ನಗೂದು ಎಲ್ಲಿ ಹೋತ್ರಿ ಅಕ್ಕೋರ?”

ಸ್ಟುಡಿಯೋದವನಿಗೆ ಅದು ಬರುವುದಿಲ್ಲ ಎಂದೆ.

“ಅವಗ ಯಾಕ ಅಂತೀರಿ. ಬಾಯಿ ಮುಚ್ಚಿಸಿದವ್ರು ನೀವ,” ಎಂದು ಫ್ರೇಮನ್ನು ನನ್ನ ಕೈಗೆ ವಾಪಸ್ ಕೊಟ್ಟು ಒಳಗೆ ಹೋದಳು.

ಈಗಲೂ ಇದೇ ಕೆಲಸದಲ್ಲಿದ್ದೇನೆ. ಸಂಬಳ ಹೆಚ್ಚಾಗಿದೆ. ಹಿಂದಿನ ದಿನ ಫೋನ್ ಮಾಡುವುದನ್ನು ಮಾತ್ರ ಬಿಟ್ಟಿದ್ದೇನೆ. ಹೇಳದೆ ಹೋಗುತ್ತೇನೆ.