ಒಂದು ಬಾವುಟ ಸಾಲದೆಂದ ನಮ್ಮತ್ತೆ

ನನ್ನ ಮದುವೆಯಾಗಿ ಕೆಲವು ವರ್ಷಗಳಾಗಿದ್ದವು. ಮುಧೋಳದ ನಮ್ಮ ಮನೆಯಲ್ಲಿ ಒಂದು ಮುಂಜಾನೆ ರೊಟ್ಟಿ ಬಡಿಯುತ್ತ ಕೂತಿದ್ದಾಗ ಫೋನು ಬಂತು. ಕೈ ತುಂಬ ಹಿಟ್ಟಿತ್ತಾದ್ದರಿಂದ ಸ್ಪೀಕರ್ ಹಾಕಿದೆ. ಜಮಖಂಡಿಯ ಕಾಲೇಜಿನಲ್ಲಿ ನನಗೆ ಖೋಖೋ ಕಲಿಸಿದ ಮೇಡಮ್ ಮಾತಾಡುತ್ತಿದ್ದರು.

“ಆಸ್ಟ್ರೇಲಿಯಾದ ಫುಟ್‌ಬಾಲ್ ನೆನಪೈತಿಲ್ಲ? ಆ ಉದ್ದನ್ನ ಚೆಂಡು? ಈ ಸಲ ಬ್ಯಾರೆ ಬ್ಯಾರೆ ರಾಜ್ಯದ ಟೀಮು ನಮ್ಮ ಜಮಖಂಡಿಗೇ ಬರಾಕತ್ತಾವು. ಕರ್ನಾಟಕದ ಹೆಣ್ಣಮಕ್ಕಳ ಟೀಮಿಗೆ ನೀ ಬೇಕು. ಇಲ್ಲ ಅನಬ್ಯಾಡ.”

ನೆನಪಿರದೆ ಏನು! ಕಾಲೇಜಿನ ಕೊನೆಯ ವರ್ಷ ಮೇಡಮ್ ಎಲ್ಲಿಂದಲೋ ತರಬೇತಿ ಮುಗಿಸಿ ಬರುವಾಗ ಎರಡೂ ತುದಿ ಚೂಪಾದ ಆ ಚೆಂಡನ್ನು ತಂದಿದ್ದರು. ಅದನ್ನು ಹಿಡಿದು ಓಡಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಿ ಜೊತೆಯವರಿಗೆ ದಾಟಿಸಬಹುದು. ಎಸೆಯುವಂತೆ ಮಾತ್ರ ಇಲ್ಲ. ಖೋಖೋದಲ್ಲಿ ಬಾಗಿ ಬಾಗಿ ಓಡಿದ್ದ ನಮಗೆ ಎದೆಯುಬ್ಬಿಸಿ ಓಡುವ ಆ ಆಟ ಹುಚ್ಚು ಹಿಡಿಸಿತ್ತು.

ಒಲೆಯ ಮುಂದಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

“ಮೊಣಕಾಲ ಕಾಣೂ ಚೊಣ್ಣ ಹಾಕ್ಕೊಂಡ ಆಡೂದೇನು?”

“ಹೌದ್ರಿ ಅತ್ತಿ. ಒಳಗ ಉದ್ದನ್ನ ಪ್ಯಾಂಟ್ ಹಾಕ್ಕೋತೀನ್ರಿ.”

ಅವರು ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದರು. ಬೇಡವೆನ್ನುತ್ತಾರೆ ಎಂದೇ ನಾನು ತಿಳಿದಿದ್ದೆ.

“ಜಮಖಂಡಿ ಏನ್ ದೂರ ಐತಿ? ಹೋಗು. ಆದ್ರ ನಾನೂ ಬರ್ತೀನಿ. ನಮ್ಮ ಸೊಸಿ ಏನ್ ಆಡ್ತಾಳ ನಾನೂ ನೋಡಬೇಕು.”

ಆಯ್ಕೆಯಾಯಿತು. ಮೇಡಮ್ ಅಭ್ಯಾಸಕ್ಕೆಂದು ಹಳೆಯ ಚೆಂಡೊಂದನ್ನು ಕೊಟ್ಟರು. ನಮ್ಮ ಮನೆಯವರು ಕಬ್ಬಿನ ಹೊಲಕ್ಕೆ ಹೋಗುವ ಮೊದಲು ಮನೆಯ ಹಿಂದಿನ ಬಯಲಿನಲ್ಲಿ ನಾನು ಒದ್ದದ್ದನ್ನು ತಂದು ತಂದು ಕೊಡುತ್ತಿದ್ದರು. ಚೆಂಡು ನೆಲಕ್ಕೆ ಬಿದ್ದರೆ ಎತ್ತ ಹಾರುತ್ತದೆಂದು ಅದಕ್ಕೇ ಗೊತ್ತಿರುತ್ತಿರಲಿಲ್ಲ. ಒಂದು ಸಲ ಪುಟಿದು ಹೋಗಿ ಅತ್ತೆಯ ಕಸಬರಿಗೆಗೇ ಬಡಿಯಿತು. “ಇದ ಚೆಂಡಲ್ಲ ಬಿಡು, ಮೊಲ! ಇದಕ್ಕ ನಿಮಗಿಂತ ನಮ್ಮೂರ ನಾಯೀನ ಛಲೋ,” ಎಂದು ನಕ್ಕುಬಿಟ್ಟರು.

ಪಂದ್ಯಾವಳಿ ಶುರುವಾದಾಗ ಜಮಖಂಡಿಯ ನಮ್ಮ ಕಾಲೇಜಿನ ಮೈದಾನ ಗುರುತು ಸಿಗದಂತಾಗಿತ್ತು. ಮೊಟ್ಟೆಯಾಕಾರದಲ್ಲಿ ಸುಣ್ಣದ ಗೆರೆ ಎಳೆದಿದ್ದರು. ಪೆಂಡಾಲು ಹಾಕುವವರು ಕೊಟ್ಟ ಬೊಂಬುಗಳು ಎರಡೂ ತುದಿಗೆ ನಾಲ್ಕು ನಾಲ್ಕು ನಿಂತಿದ್ದವು. ಬಂಗಾಳ, ಒಡಿಶಾ, ರಾಜಸ್ಥಾನ, ಕೇರಳದ ಹುಡುಗಿಯರು ಮದುವೆ ಮಂಟಪವೊಂದರಲ್ಲಿ ಇಳಿದುಕೊಂಡಿದ್ದರು. ನಮ್ಮ ಶೇಂಗಾ ಚಟ್ನಿಯ ಖಾರಕ್ಕೆ ಕಣ್ಣೀರು ಹಾಕುತ್ತಲೇ ಮತ್ತೆ ಕೈಚಾಚುತ್ತಿದ್ದರು.

ಒಡಿಶಾದ ಮೇಲೆ ನಮ್ಮ ಸೆಮಿಫೈನಲ್. ಅತ್ತೆ ಓಣಿಯ ಹೆಂಗಸರನ್ನು ಕಟ್ಟಿಕೊಂಡು ಬಸ್ಸಿಗೆ ಬಂದಿಳಿದರು. ನೆರಳಿದೆಯೆಂದು ನಾವು ಗೋಲು ಹೊಡೆಯಬೇಕಾದ ತುದಿಯಲ್ಲೇ, ಕಂಬಗಳ ಹಿಂದೆ, ಚಾಪೆ ಹಾಸಿಕೊಂಡು ಕೂತರು. ಅಲ್ಲಿ ಎರಡು ಬಾವುಟ ಹಿಡಿದ ಬಂಗಾಳದ ಅಂಪೈರೊಬ್ಬರು ನಿಂತಿದ್ದರು. ನಡುವಿನ ಎತ್ತರದ ಕಂಬಗಳ ಮಧ್ಯೆ ಒದ್ದರೆ ಆರು ಅಂಕ. ಅವರು ಎರಡೂ ಬಾವುಟ ಬೀಸುತ್ತಾರೆ. ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಗುರಿ ತಪ್ಪಿದ ಲೆಕ್ಕ. ಆದರೂ ಒಂದು ಅಂಕ, ಒಂದು ಬಾವುಟ. ಇದನ್ನು ಅತ್ತೆಗೆ ಹೇಳಿಕೊಡಲು ನನಗೆ ನೆನಪಾಗಿರಲಿಲ್ಲ.

ಒಡಿಶಾದವರು ಗಾಳಿಯಂತೆ ಓಡುತ್ತಿದ್ದರು. ನಾವು ಹಿಂದೆ ಬಿದ್ದೆವು, ಮತ್ತೆ ಮೇಲೆದ್ದೆವು. ಬಿಸಿಲಿಗೆ ನನ್ನ ಗಂಟಲು ಒಣಗಿ ಕೂಗಲೂ ಆಗುತ್ತಿರಲಿಲ್ಲ. ಕೊನೆಗೆ ಎರಡೂ ಕಡೆಯ ಅಂಕ ಸಮ. ಆಗ ನಮ್ಮ ಬೀಳಗಿಯ ಹುಡುಗಿಯೊಬ್ಬಳು ದೂರದಿಂದ ಚೆಂಡನ್ನು ಎತ್ತಿ ಒದ್ದಳು. ಅದು ಆಕಾಶದಲ್ಲಿ ತಿರುಗುತ್ತ ಬರುವಾಗ ನಾನು ಇಬ್ಬರ ನಡುವಿನಿಂದ ಜಿಗಿದು ಹಿಡಿದುಬಿಟ್ಟೆ. ನೆಲಕ್ಕೆ ಬೀಳದಂತೆ ಹಿಡಿದರೆ ಯಾರೂ ಅಡ್ಡಿಮಾಡದೆ ಒದೆಯಲು ಬಿಡಬೇಕೆಂಬುದು ಈ ಆಟದ ನಿಯಮ. ಅಷ್ಟರಲ್ಲೇ ಆಟ ಮುಗಿದ ಹಾರ್ನು ಕೂಗಿತು. ಆದರೂ ನನ್ನ ಒದೆತ ನನ್ನದೇ.

ಮೇಡಮ್ ಗೆರೆಯಾಚೆಯಿಂದ, “ಅವಸರ ಮಾಡಬ್ಯಾಡ, ಉಸರ ತಗೋ,” ಎಂದರು. ನಾನು ಉಸಿರೆಳೆದುಕೊಂಡೆ. ನಾಲ್ಕು ಹೆಜ್ಜೆ ಓಡಿ ಒದ್ದೆ. ನೆಟ್ಟಗೆ ಹೊರಟ ಚೆಂಡು ಹೋಗುತ್ತ ಹೋಗುತ್ತ ಬಲಕ್ಕೆ ವಾಲಿತು. ಎತ್ತರದ ಕಂಬಕ್ಕೂ ಗಿಡ್ಡ ಕಂಬಕ್ಕೂ ನಡುವಿನಿಂದ ದಾಟಿ ಅತ್ತೆಯ ಚಾಪೆಯ ಪಕ್ಕ ಹೋಗಿ ಬಿತ್ತು. ಅಂಪೈರ್ ಒಂದು ಬಾವುಟ ಎತ್ತಿದರು.

ಒಂದು ಅಂಕ. ನಾವು ಗೆದ್ದಿದ್ದೆವು, ಗುರಿ ತಪ್ಪಿಸಿ!

ಗೆಳತಿಯರೆಲ್ಲ ನನ್ನ ಮೇಲೆ ಬಿದ್ದರು. ಮಣ್ಣಿನಲ್ಲಿ ಉರುಳಾಡಿ ಎದ್ದು ನೋಡಿದರೆ ಅತ್ತೆ ಸೆರಗು ಸಿಕ್ಕಿಸಿಕೊಂಡು ಅಂಪೈರ್ ಎದುರು ನಿಂತಿದ್ದರು.

“ಒಂದ ಯಾಕ ಎತ್ತಿರೀ? ಇನ್ನೊಂದೂ ಎತ್ತರೀ! ಅಷ್ಟ ದೂರದಿಂದ ಒದ್ದಾಳ, ಕಣ್ಣಿಗೆ ಕಾಣಂಗಿಲ್ಲೇನು?”

ಕನ್ನಡ ಬಾರದ ಆ ಮನುಷ್ಯ ಕೈಮುಗಿದು ಹಿಂದೆ ಸರಿಯುತ್ತಿದ್ದರು. ನಾನು ಓಡಿಹೋಗಿ, “ಅತ್ತೀ, ಗೆದ್ದೇವ್ರಿ! ಒಂದ ಸಾಕ್ರಿ!” ಎಂದೆ. ಅವರು ಒಮ್ಮೆ ನನ್ನನ್ನು, ಒಮ್ಮೆ ಬಾವುಟವನ್ನು ನೋಡಿದರು. “ಗೆದ್ದಿರೇನ? ಖರೇನ?” ಎಂದವರೇ ಮೈಯೆಲ್ಲ ಮಣ್ಣಾಗಿದ್ದ ನನ್ನನ್ನು ಎಲ್ಲರ ಮುಂದೆ ಬಿಗಿಯಾಗಿ ತಬ್ಬಿಕೊಂಡರು. ಮದುವೆಯಾದ ಮೇಲೆ ಅವರು ನನ್ನನ್ನು ತಬ್ಬಿಕೊಂಡದ್ದು ಅದೇ ಮೊದಲು. ಆಮೇಲೆ ಅಂಪೈರ್ ಕೈಯಲ್ಲಿ ಒಂದು ಶೇಂಗಾ ಹೋಳಿಗೆ ಇಟ್ಟು, “ತಿನ್ರಿ, ಸಿಟ್ಟಾಗಬ್ಯಾಡ್ರಿ,” ಎಂದರು. ಗೆರೆಯ ಮೇಲೆ ಮಂಕಾಗಿ ಕೂತಿದ್ದ ಒಡಿಶಾದ ಹುಡುಗಿಯರ ಹತ್ತಿರವೂ ಹೋಳಿಗೆಯ ಬುಟ್ಟಿ ಹೋಯಿತು. ಸ್ವಲ್ಪ ಹೊತ್ತಿಗೆ ಆ ಚಾಪೆಯ ಮೇಲೆ ಯಾರು ಸೋತವರು, ಯಾರು ಗೆದ್ದವರು ಎಂದು ಹೇಳುವಂತಿರಲಿಲ್ಲ.

ಮರುದಿನ ಫೈನಲ್‌ನಲ್ಲಿ ಬಂಗಾಳದವರು ನಮ್ಮನ್ನು ಚೆನ್ನಾಗಿಯೇ ಸೋಲಿಸಿದರು. ಅವರ ಆಟ ಅಷ್ಟು ಸೊಗಸಾಗಿತ್ತು, ಬೇಜಾರಾಗಲಿಲ್ಲ. ಬೆಳ್ಳಿ ಪದಕ ಕೊರಳಿಗೆ ಹಾಕಿಕೊಂಡೇ ಮುಧೋಳದ ಬಸ್ಸು ಹತ್ತಿದೆ. ಅತ್ತೆ ಕಿಟಕಿಯ ಪಕ್ಕ ಕೂತು ಹಳೆಯ ಚೆಂಡನ್ನು ಮಡಿಲಲ್ಲಿ ಇಟ್ಟುಕೊಂಡರು.

“ಅದೇನ್ರಿ ಅವ್ವಾರ?” ಕಂಡಕ್ಟರ್ ಕೇಳಿದ.

ಅಷ್ಟೇ ಸಾಕಾಯಿತು. ಅತ್ತೆ ಇಡೀ ಬಸ್ಸಿಗೆ ಕೇಳಿಸುವಂತೆ ಆಟದ ವಿವರಣೆ ಶುರುಮಾಡಿದರು. ನಿಯಮಗಳನ್ನೆಲ್ಲ ಅರ್ಧಕ್ಕರ್ಧ ತಪ್ಪಾಗಿಯೇ ಹೇಳಿದರು. ನಾನು ತಿದ್ದಲು ಹೋಗಲಿಲ್ಲ. ಫೈನಲ್ ಸೋತ ಸುದ್ದಿಗೆ ಮಾತ್ರ ಅವರು ಬರಲೇ ಇಲ್ಲ. ಹಿಂದಿನ ಸೀಟಿನ ಮುದುಕರೊಬ್ಬರು, “ಭಾಳ ಛಲೋ ಆತು ತಗೋರಿ,” ಎನ್ನುತ್ತ ಚೆಂಡನ್ನು ಕೈಗೆ ತೆಗೆದುಕೊಂಡು ತೂಗಿ ನೋಡುತ್ತಿದ್ದರು.